ಕಟ್ಟಿಗೆಯ ಬೂಚು

"ಮೂರನೇ ಆಯಿಲ್ ಸೀಲ್ ಇದು. ನಿನ್ನ ಕೈಯಾಗ ಏನ ದೋಷ ಐತೋ ಇಸಾಕ, ದರ್ಗಾದಾಗ ಸಕ್ಕರಿ ಓದಸು."

ರಸ್ತೆಬದಿಯ ಕಲ್ಲಿನ ಮೇಲೆ ಕೂತು ಚಂದ್ರವ್ವ ಹೇಳಿದಳು. ಇಸಾಕ ಅವಳ ಗಾಡಿಯ ಕೆಳಗೆ ಅಂಗಾತ ಮಲಗಿದ್ದ. ಎಂಜಿನ್ನೂ ಗೇರ್‌ಬಾಕ್ಸೂ ಕೂಡುವಲ್ಲಿಂದ ಆಯಿಲ್ ತೊಟ್ಟಿಕ್ಕಿ ಅವನ ಕುತ್ತಿಗೆಗೆ ಇಳಿಯುತ್ತಿತ್ತು.

"ದೋಷ ನನ್ನ ಕೈಯಾಗ ಇಲ್ರಿ ಕಾಕೂ. ಆ ದುಂಡಪ್ಪನ ಅಂಗಡ್ಯಾಗ ಐತಿ. ಡುಪ್ಲಿಕೇಟ್ ಮಾಲ ಮಾರತಾನ, ಕಳ್ಳ."

"ಅದಕ್ಕ ಮೊನ್ನಿ ಖಡೇಬಜಾರದಾಗ ಮಂದಿ ಮುಂದ ಅವನ ಅಂಗಿ ಹರದಿ?"

"ಹಲ್ಲ ಮುರೀಬೇಕಿತ್ತು. ಅಂಗಿ ಅಷ್ಟ ಹರೀತು."

"ಖರೇ. ಆದ್ರ ಇವತ್ತಿಂದು ಕೊಲ್ಲಾಪುರದ ಸೀಲ್ ಅಲ್ಲ? ಅಲ್ಲೂ ದುಂಡಪ್ಪಂದ ಅಂಗಡಿ ಐತೇನು?"

ಇಸಾಕ ಹಲ್ಲು ಕಚ್ಚಿದ. ಐದನೆಯ ಇಯತ್ತೆಯಲ್ಲಿ ಮಾಸ್ತರ ಕೈಯ ಛಡಿ ಕಸಿದು ಮುರಿದು ಸಾಲಿ ಬಿಟ್ಟವನು ಅವನು. ಬೆಳಗಾವಿಯ ಮಿಲಿಟರಿ ಕ್ಯಾಂಪಿನ ಎರಡು ಗ್ಯಾರೇಜಿನಲ್ಲಿ ಮಿಸ್ತ್ರಿಕೆ ಬಿಟ್ಟದ್ದೂ ಹಾಗೆಯೇ. ಈ ಇಪ್ಪತ್ನಾಲ್ಕು ವರ್ಷದಲ್ಲಿ ಅವನಿಗೆ ಸಿಟ್ಟು ಬಾರದ ದಿನವೇ ಇರಲಿಲ್ಲ.

ಗಾಡಿ ಹಳೆಯದು, ಜರ್ಮನ್ ದೇಶದ್ದು. ಎಂಜಿನ್ ಹಿಂದೆ, ನೀರಿಲ್ಲ, ರೇಡಿಯೇಟರಿಲ್ಲ, ಗಾಳಿಯಿಂದಲೇ ತಂಪಾಗುವಂಥದ್ದು. ಕ್ಯಾಂಪಿನಿಂದ ವರ್ಗವಾಗಿ ಹೋದ ಮಿಲಿಟರಿ ಸಾಹೇಬನೊಬ್ಬನಿಂದ ಚಂದ್ರವ್ವ ಎಪ್ಪತ್ಮೂರರಲ್ಲಿ ಕೊಂಡಿದ್ದಳು. ಶಹಾಪುರದ ನೇಕಾರರ ಮಗಳಾದ ಅವಳು ಹಿಂದಿನ ಸೀಟು ಕಿತ್ತು ಸೀರೆಯ ಗಂಟು ತುಂಬಿ, ತಾನೇ ನಡೆಸಿಕೊಂಡು ಖಾನಾಪುರ, ಹಲಸಿ ತಿರುಗಿ ಮಾರುತ್ತ ಎಂಟು ವರ್ಷವಾಗಿತ್ತು. ಆಮೆಯ ಚಿಪ್ಪಿನಂತೆ ಗುಂಡಗಿದ್ದ ಗಾಡಿಯನ್ನು ಹಳ್ಳಿಯವರು 'ಚಂದ್ರವ್ವನ ಆಮಿ' ಎನ್ನುತ್ತಿದ್ದರು. ಅದೀಗ ಮಲಪ್ರಭಾ ಸೇತುವೆಯ ಈಚೆಗೇ ನಿಂತಿತ್ತು. ಎಂಜಿನ್ ಪೂರಾ ಸೀಳಬೇಕು, ಸಾಮಾನು ಪರದೇಶದಿಂದ ಬರಬೇಕು ಎಂದು ಇಬ್ಬರು ಮಿಸ್ತ್ರಿಗಳು ಆಗಲೇ ಕೈ ಚೆಲ್ಲಿದ್ದರು.

"ಇವತ್ತ ಆಗಲಿಲ್ಲಂದ್ರ ಗುಜರಿಗೆ ಹಾಕತೀನಿ" ಎಂದಳು ಚಂದ್ರವ್ವ. "ಐವತ್ತ ದಾಟೇತಿ ನನಗ. ಮತ್ತ ಬಸ್ಸಿನ ಮ್ಯಾಲ ಗಂಟ ಏರಸೂದ ನನ್ನ ಹಣ್ಯಾಗ ಬರದಿದ್ರ ಹಂಗ ಆಗಲಿ."

ಅವಳು ಎದ್ದು ಬಂದು ಎಂಜಿನ್ನಿನೊಳಗೆ ಬಗ್ಗಿ ನೋಡಿದಳು. ಆಯಿಲ್ ಹಾಕುವ ಕೊಳವೆಯ ಬದಿಯ ಸಣ್ಣ ಪೈಪಿನ ಬಾಯಲ್ಲಿ ಏನೋ ಬಡಿದು ಸಿಕ್ಕಿಸಿದ್ದರು.

"ಇದೇನ ಕಟಗಿ?"

"ಬೂಚ್ ರಿ. ಗಾಡ್ಯಾಗ ಹೊಗಿ ವಾಸನಿ, ಸೀರಿಗೆಲ್ಲಾ ಹತ್ತತೈತಿ ಅಂತ ದೀಪಾವಳಿಗಿ ನೀವ ಒದರಿದ್ರಲ್ಲ? ಆ ಹೊಗಿ ಬರೂ ಬಾಯಿ ಬಂದ್ ಮಾಡೀನಿ. ಈಗ ಬರತೈತೇನು ವಾಸನಿ?"

"ಇಲ್ಲ. ಮತ್ತ ಆ ಹೊಗಿ ಎಲ್ಲಿಗಿ ಹೋತು?"

ಇಸಾಕ ಬೂಚಿನ ಕಡೆ ನೋಡಿದ.  ಬೆರಳು ಮಡಚಿ ದಿನ ಎಣಿಸಿದ. ಮೊದಲನೆಯ ಸೀಲ್ ಸೋರಿದ್ದು ಯಾವಾಗ? ದೀಪಾವಳಿಯಾಗಿ ನಾಲ್ಕು ದಿನಕ್ಕೆ.

"ಕಾಕೂ, ಗಾಡಿ ಚಾಲೂ ಮಾಡ್ರಿ."

ಎಂಜಿನ್ ಗಡಗಡ ಎಂದಿತು. ಅವನು ಇಕ್ಕಳದಲ್ಲಿ ಬೂಚು ಹಿಡಿದು ತಿರುವಿದ. ಅದು ಟಪ್ಪೆಂದು ಸಿಡಿದು ಮೇಲಿನ ಮುಚ್ಚಳಕ್ಕೆ ಬಡಿದು ಕೆಳಗೆ ಬಿತ್ತು. ಪೈಪಿನ ಬಾಯಿಂದ ಬಿಸಿ ಉಸಿರು ಅವನ ಮುಖಕ್ಕೆ ಹೊಡೆಯಿತು. ಪಿಸ್ಟನ್ನಿನ ಮೇಲೆ ಉರಿಯಬೇಕಾದ ಬೆಂಕಿಯ ಗಾಳಿ ಸವೆದ ರಿಂಗಿನ ಸಂದಿಯಿಂದ ಕೆಳಗಿಳಿದು ಎಂಜಿನ್ನಿನ ಹೊಟ್ಟೆ ತುಂಬುತ್ತಿತ್ತು. ಬಾಯಿ ಮುಚ್ಚಿದ್ದಕ್ಕೆ ಅದು ಮೆತ್ತಗಿದ್ದ ಸೀಲಿನ ಅಂಚನ್ನು ಎತ್ತಿ, ಆಯಿಲ್ ಸಮೇತ ಹೊರಬಿದ್ದಿತ್ತು. ಮೂರು ಸಲ.

ಗಾಡಿಯಿಂದ ಇಳಿದು ಬಂದ ಚಂದ್ರವ್ವ ಸೀರೆಯ ಸೆರಗಿನಿಂದ ಒಂದು ಹಳದಿ ಎಳೆ ಜಗ್ಗಿ ತೆಗೆದು ಪೈಪಿನ ಬಾಯಿಗೆ ಹಿಡಿದಳು. ಎಳೆ ಸಣ್ಣಗೆ ನಡುಗಿತು. ಓಡುವ ಮಗ್ಗದಲ್ಲಿ ತಪ್ಪಿದ ಒಂದು ಎಳೆಯನ್ನು ಹಿಡಿಯುವ ಕಣ್ಣು ಅವಳದು.

"ನಡುಗೂದ ಬ್ಯಾರೆ, ಜಿಗಿಯೂದ ಬ್ಯಾರೆ. ನೋಡು, ನಡುನಡುವ ಒಂದ ಜಿಗಿತ ಐತಿ. ತಾಳ ತಪ್ಪವಲ್ದು."

ಇತ್ತು. ಇಸಾಕ ಕೈಗೆ ಚಿಂದಿ ಸುತ್ತಿಕೊಂಡು ಒಂದನೆಯ ಸಿಲಿಂಡರಿನ ಪ್ಲಗ್ಗಿನ ವಾಯರು ಕಿತ್ತ. ಎಂಜಿನ್ ಮುಗ್ಗರಿಸಿತು, ಜಿಗಿತ ಹೋಗಲಿಲ್ಲ. ಸಿಕ್ಕಿಸಿ ಎರಡನೆಯದು ಕಿತ್ತ. ಹೋಗಲಿಲ್ಲ. ಮೂರನೆಯದು ಕಿತ್ತ.

ಎಳೆ ಸುಮ್ಮನಾಯಿತು. ಬರೀ ಸಣ್ಣ ನಡುಕ, ನಿದ್ದೆ ಹೋದ ಕೂಸಿನ ಹೊಟ್ಟೆಯಂತೆ. ಸಿಕ್ಕಿಸಿದ: ಜಿಗಿತ. ಕಿತ್ತ: ಇಲ್ಲ. ಮತ್ತೆ ಸಿಕ್ಕಿಸಿದ, ಮತ್ತೆ ಕಿತ್ತ. ಕೈಗೆ ಕರೆಂಟಿನ ಚುರುಕು ತಾಗಿದ್ದೂ ಅವನಿಗೆ ಗೊತ್ತಾಗಲಿಲ್ಲ.

"ಸಾಕ ಬಿಡೋ, ಹುಚ್ಚಗಿಚ್ಚ ಹಿಡದೀತು."

"ಮೂರನೇದ ಒಂದ ರಿ ಕಾಕೂ." ಅವನ ದನಿ ಸಣ್ಣದಾಗಿತ್ತು. "ಉಳಿದ ಮೂರೂ ಗಟ್ಟಿ ಅದಾವು. ಈ ಎಂಜಿನ್ನಿನಾಗ ಸಿಲಿಂಡರ್ ಬಿಡಿಬಿಡಿ ಇರತಾವು, ಒಲಿ ಮ್ಯಾಲಿನ ಗಡಿಗಿ ಹಂಗ. ಒಂದನ್ನ ಅಷ್ಟ ಬದಲ ಮಾಡಿದ್ರ ಆತು. ಹೊಟ್ಟಿ ಸೀಳೂದ ಬ್ಯಾಡ."

ಒಂದು ಕೆಟ್ಟರೆ ಉಳಿದದ್ದಕ್ಕೆ ಪೆಟ್ಟಾಗಬಾರದೆಂದು ಯಾರೋ ಎಲ್ಲಿಯೋ ಕೂತು ಯೋಚಿಸಿದ್ದರು. ಉಸಿರಿಗೊಂದು ಬಾಯಿ ಇಟ್ಟಿದ್ದರು. ಇಸಾಕ ಆ ಬಾಯಿಯ ಮೇಲೆ ಅಂಗೈ ಹಿಡಿದು ಬಹಳ ಹೊತ್ತು ನಿಂತ.

ಅರ್ಧ ತಾಸು ಎಂಜಿನ್ ಓಡಿತು. ಕೆಳಗೆ ಹಾಸಿದ ಪೇಪರಿನ ಮೇಲೆ ಒಂದು ತೊಟ್ಟೂ ಬೀಳಲಿಲ್ಲ. ಮೆಲ್ಲಗೆ ಬೆಳಗಾವಿಯ ಕಡೆ ತಿರುಗಿಸಿದರು. ಒಳಗೆ ವಾಸನೆ ತುಂಬಿತು. ಚಂದ್ರವ್ವ ಕಿಡಕಿ ಇಳಿಸಿದಳು.

"ಖಡೇಬಜಾರದಾಗ ಸ್ವಲ್ಪ ನಿಂದರಸ್ರಿ" ಎಂದ ಇಸಾಕ. ಅವಳು ಮುಂದಿನ ತಿರುವಿನಲ್ಲಿ ಬಜಾರಿನ ಕಡೆ ಹೊರಳಿಸಿದಳು.

ಅವನನ್ನು ಕಂಡದ್ದೇ ದುಂಡಪ್ಪ ಅಂಗಡಿಯ ಒಳಗಿನ ಗೋಡೆಗೆ ಸರಿದ.

"ಇನ್ನೊಂದ ಅಂಗಿ ಅದ ಮನ್ಯಾಗ. ಅದನ್ನೂ ಹರ್ಯಾಕ ಬಂದೇನು?"

"ಇಲ್ರಿ ದುಂಡಪ್ಪಣ್ಣಾ." ಇಸಾಕ ಮುಷ್ಟಿ ಬಿಚ್ಚಿ, ಆಯಿಲ್ ಕುಡಿದು ಕಪ್ಪಾದ ಬೂಚನ್ನು ಮೇಜಿನ ಮೇಲಿಟ್ಟ. "ನಿಮ್ಮ ಸೀಲ್ ಚಲೋ ಇದ್ವು. ಇದನ್ನ ನಾನ ಬಡದಿದ್ದೆ."

ದುಂಡಪ್ಪ ಅದನ್ನು ಎತ್ತಿ ಮೂಸಿದ; ಹೊರಗೆ ಗಡಗಡಿಸುತ್ತಿದ್ದ ಗಾಡಿಯ ಕಡೆ ನೋಡಿದ. ಇಸಾಕನ ಕಣ್ಣು ಅವನ ಬಿಳಿ ಅಂಗಿಯ ಮೇಲಿತ್ತು. ಕೊರಳಿನ ಹತ್ತಿರದ ಗುಂಡಿಯನ್ನು ಯಾರೋ ನೀಲಿ ದಾರದಲ್ಲಿ, ಇನ್ನೊಮ್ಮೆ ಕಿತ್ತು ಬಾರದಷ್ಟು ಗಟ್ಟಿಯಾಗಿ, ಸುತ್ತಿ ಸುತ್ತಿ ಹೊಲಿದಿದ್ದರು.