ಬಳೆ ಇಡಿಸಿಕೊಳ್ಳುವ ಕಟ್ಟೆ

ಹುಬ್ಬಳ್ಳಿಯ ಕಮರಿಪೇಟೆಯ ಮಗ್ಗುಲಿಗೆ ಖಣದ ಓಣಿ ಅಂತ ಒಂದು ಪೇಟೆ ಬೀದಿ ಇದೆ. ಬಸರಿ ಮಗಳ ಕುಬಸದ ಶಾಸ್ತ್ರ ಬಂತೆಂದರೆ ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ಅಲ್ಲಿಗೇ ಬರುತ್ತಿದ್ದರು. ಮೈಲಾರಲಿಂಗಪ್ಪನ ಅಂಗಡಿಯಲ್ಲಿ ರವಿಕೆಗೆ ಹಸಿರು ಖಣ ಆರಿಸುವುದು. ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಬಳೆಗಾರ್ತಿ ಕರೀಮಾಬಿಯ ಎದುರು ಕೂತು, ಆ ಖಣಕ್ಕೊಪ್ಪುವ ಹಸಿರು ಬಳೆ ಇಡಿಸಿಕೊಳ್ಳುವುದು. ಗೋವಿಂದಪ್ಪನ ಬುಟ್ಟಿಯ ಹೂವು ಮುಡಿದು ಬಸ್ಸು ಹಿಡಿಯುವುದು. ವ್ಯಾಪಾರ ಮೂರು, ಗಿರಾಕಿ ಮಾತ್ರ ಒಬ್ಬಳೇ.

ಈಗ ಆ ಓಣಿಯ ಅರ್ಧ ಭಾಗ ಹೊಸದಾಗಿದೆ. ರಸ್ತೆ ಸಪಾಟಾಗಿದೆ, ಗಟಾರಕ್ಕೆ ಮುಚ್ಚಳ ಬಂದಿದೆ. ಕಟ್ಟೆ ಹೋಗಿದೆ. ಅದಿದ್ದ ಜಾಗದಲ್ಲಿ ಬೈಕುಗಳು ಸಾಲಾಗಿ ನಿಂತಿವೆ. ಬಳೆಯನ್ನು ನಿಂತು ಇಡಿಸಿಕೊಳ್ಳಲು ಬರುವುದಿಲ್ಲ. ಕೈ ಬಳೆಗಾರ್ತಿಯ ತೊಡೆಯ ಮೇಲೆ ಸಡಿಲವಾಗಿ ಒರಗಬೇಕು. ಬಳೆ ಇಲ್ಲವೆಂದು ಖಣ ಕೊಳ್ಳುವವರೂ ಬರುವುದನ್ನು ಬಿಟ್ಟರು. ಎಲ್ಲವೂ ಒಂದೇ ಕಡೆ ಸಿಗುವ ದೊಡ್ಡ ಅಂಗಡಿಗಳಿಗೆ ಹೋದರು.

ಒಂದು ಮಧ್ಯಾಹ್ನ ಮೈಲಾರಲಿಂಗಪ್ಪ ಖಾಲಿ ಅಂಗಡಿಯಲ್ಲಿ ಕೂತಿದ್ದ. ಹೆಂಡತಿ ಹೊಳೆವ್ವ ಬುತ್ತಿ ಬಿಚ್ಚುತ್ತಿದ್ದಳು. ಓಣಿಯ ಸ್ವಸಹಾಯ ಸಂಘ ನಡೆಸುವ ದುರ್ಗಾ ಮೆಟ್ಟಿಲೇರಿ ಬಂದಳು.

“ಕಾಕಾ, ಐತವಾರ ಸಭಾ ಐತ್ರಿ. ಓಣಿಯ ಉಳದ ಅರ್ಧಕ್ಕ ಪಾಲಿಕಿಯವರು ನಕ್ಷಾ ತಯಾರ ಮಾಡಾಕತ್ತಾರ. ಬರ್ರಿ.”

“ನೋಡೂಣಂತವಾ.”

ಹೊಳೆವ್ವ ರೊಟ್ಟಿ ಮುರಿಯುತ್ತ ಹೇಳಿದಳು: “ದುರ್ಗವ್ವಾ, ಇವರು ‘ನೋಡೂಣ’ ಅಂದ್ರ ಬರೂದಿಲ್ಲ ಅಂತನ ಅರ್ಥ. ಲಗ್ನ ಆದಾಗಿಂದ ಕೇಳಾಕತ್ತೇನಿ.”

“ಹೋಗಿ ಮಾಡೂದೇನೈತಿ?” ಎಂದ ಮೈಲಾರಲಿಂಗಪ್ಪ. “ಕೆಡವೂದನ್ನ ಅವರು ಕೆಡವೇ ಕೆಡವತಾರ. ಚಾ ಕೊಡತಾರ, ಕುಡದು ಬರೂದು.”

“ಕಾಕಾ, ಅಳತಿಗೆ ಬಂದವರು ಈ ಕಟ್ಟಿ ಯಾರದು ಅಂತ ಕೇಳಿದ್ರಲ್ಲ, ನೀವೇನಂದ್ರಿ?”

“ಯಾರದೂ ಅಲ್ರಿ ಅಂದೆ. ಮತ್ತೇನನ್ನಬೇಕಿತ್ತು? ನಂದು ಅಂದ್ರ ಕರೀಮಾಬಿ ನನ್ನ ಹಂಗಿನ್ಯಾಗ ಕುಂತಂಗ ಆಕ್ಕಿತ್ತು. ನಮ್ಮಪ್ಪನೂ ಹಂಗ ಅಂತಿದ್ದ.”

ಆ ಓಣಿಯ ಮಾತಿನಲ್ಲಿ ‘ಯಾರದೂ ಅಲ್ಲ’ ಎಂದರೆ ಯಾರು ಬೇಕಾದರೂ ಕೂರಬಹುದು ಎಂದು. ಅಳತೆಗೆ ಬಂದವರಿಗೆ ಅದು ಯಾರಿಗೂ ಬೇಡದ ಕಲ್ಲು ಎಂದು ಕೇಳಿಸಿತು.

“ಕಟ್ಟಿ ತಗೀಬೇಕು ಅಂತ ನಕ್ಷಾದಾಗ ಇತ್ರಿ,” ಎಂದಳು ದುರ್ಗಾ. “ಮೊದಲನೇ ಸಭಾದಾಗ ಅದನ್ನ ಗ್ವಾಡಿಗೆ ಹಚ್ಚಿ, ಯಾರದರೆ ತಕರಾರ ಐತೇನು ಅಂತ ಕೇಳಿದ್ರಂತ. ಹೇಳವರು ಇರಲಿಲ್ಲ. ನಾನೂ ಊರಾಗ ಇರಲಿಲ್ಲ.”

“ಕರೀಮಾಬಿನರೆ ಹೋಗಬೇಕಿತ್ತು.”

“ಅಂಗಡಿ ಇದ್ದವರು ಹೋಗ್ತಾರ, ನನ್ನ ಯಾರು ಕೇಳ್ತಾರ ಅಂದ್ಲಂತ. ನೀವು ಹೋಗ್ತೀರಿ ಅಂತ ನಂಬಿದ್ಲು, ಕಾಕಾ.”

ಮೈಲಾರಲಿಂಗಪ್ಪ ಕೈಯಲ್ಲಿದ್ದ ತುತ್ತನ್ನು ತಿರುಗಿ ಬುತ್ತಿಯಲ್ಲಿಟ್ಟ. “ಈಗ ಹೆಂಗದಾಳ?” ಎಂದು ಕೇಳಿದ.

ಉತ್ತರ ಕೊಟ್ಟವಳು ಹೊಳೆವ್ವ. ಕಟ್ಟೆ ಹೋದ ಮೇಲೆ ಕರೀಮಾಬಿ ಬುಟ್ಟಿ ಹೊತ್ತು ಮನೆಮನೆ ತಿರುಗಿದ್ದಳು. ಮಳೆಯ ದಿನ ಜಾರಿ ಬಿದ್ದಳು. “ಬುಟ್ಯಾಗಿನ ಬಳಿ ಪೂರಾ ಹೆಚ್ಚಾದವು,” ಎಂದಳು ಹೊಳೆವ್ವ. ಬಳೆ ಒಡೆದವು ಎಂದು ಬಾಯಿಬಿಟ್ಟು ಅನ್ನುವ ಹೆಂಗಸಲ್ಲ ಅವಳು. “ಮಣಿಕಟ್ಟಿನ ಎಲುಬು ಕೂಡೇತಿ, ಖರೇ. ಬೆರಳು ನಡಗತಾವ. ಇನ್ನೊಬ್ಬರ ಕೈಗೆ ಬಳಿ ಇಡಾಕ ಆಗೂದಿಲ್ಲ. ಬುಟ್ಟಿ ಈಗ ಮಗಳು ತಾಜಬಿ ಹೊರತಾಳ.”

ಹೊರಗೆ ಯಾರೋ ಬೈಕು ನಿಲ್ಲಿಸಿ ಹೋದರು. ಅಂಗಡಿಗೆ ಯಾರೂ ಬರಲಿಲ್ಲ.

“ಸಭಾದಾಗ ನಾ ಏನ್ ಮಾತಾಡ್ಲೆವಾ?” ಎಂದ ಮೈಲಾರಲಿಂಗಪ್ಪ. ದನಿ ಇಳಿದಿತ್ತು.

“ಅದಕ್ಕ ಮೊದಲ ಎಲ್ಲಾರೂ ಕೂಡಿ ನಕ್ಷಾ ಹಿಡಕೊಂಡು ಓಣಿ ತುಂಬ ಅಡ್ಡಾಡೂಣ್ರಿ. ಯಾರು ಎಲ್ಲಿ ಕೂಡ್ರತಾರ, ನೆರಳ ಎಲ್ಲಿ ಬೀಳತೈತಿ, ಬಸ್ ಇಳದ ಬಸರಿ ಹೆಣಮಗಳು ರಸ್ತಾ ಎಲ್ಲಿ ದಾಟತಾಳ, ಎಲ್ಲಾ ಅದರಾಗ ಗುರ್ತ ಮಾಡೂಣು. ಬಾಡಗಿಯವರೂ ಬರಲಿ, ಬೀದ್ಯಾಗ ಕೂಡ್ರವರೂ ಬರಲಿ. ಹೇಳಿದ್ದನ್ನ ಬರದು ಕೊಟ್ಟು, ಮುಟ್ಟೇತಿ ಅಂತ ಸಹಿ ತಗೊಳ್ಳೂಣು. ಏನು ಠರಾವ ಆತು ಅನ್ನೂದನ್ನ ಅಲ್ಲೇ ಓದಿ ಹೇಳ್ರಿ ಅನ್ನೂಣು.”

“ಒಪ್ಪಲಿಲ್ಲಂದ್ರ?”

“ಎಲ್ಲಾ ಒಪ್ಪಂಗಿಲ್ಲ ಕಾಕಾ. ಆದರ ನಾವು ಹೇಳಲಾರದ್ದನ್ನ ಅವರು ಹೆಂಗ ಒಪ್ಪಬೇಕು?”

ನಕ್ಷೆ ಹಿಡಿದು ಓಣಿ ತುಂಬ ಅಡ್ಡಾಡಿದ್ದಾಯಿತು. ಐತವಾರ ಮೈಲಾರಲಿಂಗಪ್ಪ ಅಂಗಡಿಗೆ ಬೀಗ ಹಾಕಿ ಸಭೆಗೆ ಹೋದ. ತಾಜಬಿ, ಗೋವಿಂದಪ್ಪ ಇಬ್ಬರನ್ನೂ ಕರೆದುಕೊಂಡೇ ಹೋದ. ನಿಮ್ಮ ಅಂಗಡಿಯ ತೊಂದರೆ ಏನು ಎಂದು ನಕ್ಷೆ ಮಾಡುವ ಇಂಜಿನಿಯರ್ ಹೆಣ್ಣುಮಗಳು ಕೇಳಿದರು.

“ಅಂಗಡಿದಲ್ರಿ. ಅಂಗಡಿ ಮುಂದ ಕೂಡ್ರವರದು,” ಎಂದ ಅವನು. ತಾಜಬಿಯ ಕಡೆ ನೋಡಿದ.

ತಾಜಬಿ ನೆಲದ ಮೇಲೆ ಕೂತಳು. “ಬಾಯಾರೇ, ಸ್ವಲ್ಪ ಕೂಡ್ರರಿ. ಕೈ ಕೊಡ್ರಿ.” ಅವರ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. “ಕೈ ಹಿಂಗ ಬಿಟ್ರನ ಬಳಿ ಏರತಾವ. ನಮಗ ಇಷ್ಟು ಜಾಗಾ ಬೇಕ್ರಿ. ನೆರಳಿದ್ರ ಇನ್ನೂ ಛಲೋ.”

ಸಭೆಯಲ್ಲಿ ಯಾರೂ ನಗಲಿಲ್ಲ. ಉಳಿದ ಅರ್ಧ ಓಣಿಯಲ್ಲಿ ಬೇವಿನ ಮರದ ಕೆಳಗೆ ತಗ್ಗಿನ ಕಟ್ಟೆಗಳು, ಹೂವು ಬಳೆಯವರಿಗೆ ಜಾಗ ಎಂದು ಠರಾವಾಯಿತು. ಬೈಕುಗಳ ಮಾತು ಮುಂದಿನ ಸಭೆಗೆ ಹೋಯಿತು. ಹೊಸದಾದ ಅರ್ಧವನ್ನು ಮತ್ತೆ ಅಗೆಯಲು ಬರುವುದಿಲ್ಲ ಎಂದರು. ಹೋದ ಕಟ್ಟೆ ಹೋದದ್ದೇ.

ಸಂಜೆ ಮೈಲಾರಲಿಂಗಪ್ಪ, ಹೊಳೆವ್ವ ಇಬ್ಬರೂ ಕರೀಮಾಬಿಯ ಮನೆಗೆ ಹೋದರು. ಅವಳು ಹೊಸ್ತಿಲ ಒಳಗೆ ಕೂತಿದ್ದಳು. ಸುದ್ದಿ ಕೇಳಿ ಮುಖ ಅರಳಿತು.

“ಛಲೋ ಆತಣ್ಣಾ. ತಾಜಬಿ ಬಿಸಲಾಗ ತಿರಗೂದು ತಪ್ಪತೈತಿ.”

ಮಗಳು ಕೊಟ್ಟ ಚಹಾದ ಬಟ್ಟಲನ್ನು ಅವಳು ಎರಡೂ ಕೈಯಲ್ಲಿ ಹಿಡಿದಳು. ಆದರೂ ಅದು ತುಳುಕಿತು. ಬಟ್ಟಲನ್ನು ಕೆಳಗಿಟ್ಟು ಮೆಲ್ಲಗೆ ಅಂದಳು:

“ಮೊದಲನೇ ಸಭಾಕ್ಕ ಹೋಗಬೇಕಿತ್ತಣ್ಣಾ ನೀ.”

ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಮೈಲಾರಲಿಂಗಪ್ಪನಿಗೆ ತಲೆ ಎತ್ತಲಾಗಲಿಲ್ಲ. “ಹೌದವ್ವಾ,” ಎಂದ.

ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಪೇಟೆ ಬೀದಿಗೂ ಒಂದು ದಿನ ಹೊಸ ನಕ್ಷೆ ಬರುತ್ತದೆ. ಬೀದಿ ಚೆಂದವಾಗಲಿ, ಬೇಡವೆನ್ನುವವರಾರು? ಆದರೆ ಅಲ್ಲಿ ಯಾರು ಕೂರುತ್ತಾರೆ, ಯಾರು ಯಾರನ್ನು ನೆಚ್ಚಿ ಬದುಕುತ್ತಾರೆ ಎಂಬುದನ್ನು ನೀವು ಹೇಳದೆ ನಕ್ಷೆಗೆ ತಿಳಿಯದು. ಸಭೆ ಯಾವತ್ತು ಎಂದು ಕೇಳಿ ತಿಳಿದುಕೊಳ್ಳಿ. ನಕ್ಷೆ ಹಿಡಿದು ಬೀದಿಯಲ್ಲಿ ನಡೆಯಿರಿ. ನನ್ನನ್ನು ಯಾರು ಕೇಳುತ್ತಾರೆ ಎಂದು ಹಿಂದೆ ಸರಿಯುವವರ ಕೈ ಹಿಡಿದು ಕರೆದುಕೊಂಡು ಹೋಗಿ. ಅಲ್ಲಿ ಅವರಿಗೂ ಕುರ್ಚಿ ಹಾಕಿಸಿ. ಅಗೆಯುವ ಯಂತ್ರ ಬಂದ ಮೇಲಲ್ಲ, ಮೊದಲನೆಯ ಸಭೆಗೇ ಹೋಗಿ.