ಸೋರುವ ಜಾಗ

"ಇದಕ್ಕಾ ಮೇಡಂ?"

"ಹೌದು, ಇದಕ್ಕೇ."

ಟ್ಯಾಂಕರಿನ ಡ್ರೈವರ್ ಹೆಗಲ ಮೇಲಿದ್ದ ಪೈಪನ್ನು ಕೆಳಗಿಳಿಸಿದ. ಗೇಟಿನೊಳಗೆ, ಕಾರು ನಿಲ್ಲಬೇಕಾದ ಜಾಗದಲ್ಲಿ, ಹಳೆಯ ಲಾರಿ ಟೈರುಗಳ ಮೇಲೆ ಹದಿನಾಲ್ಕು ಅಡಿ ಉದ್ದದ ಅಲ್ಯೂಮಿನಿಯಂ ದೋಣಿ ಕೂತಿತ್ತು. ಅದರ ಪಕ್ಕದಲ್ಲೇ ಸಂಪಿನ ಕಬ್ಬಿಣದ ಮುಚ್ಚಳ. ಅವನು ಮುಚ್ಚಳವನ್ನು ನೋಡಿದ, ದೋಣಿಯನ್ನು ನೋಡಿದ, ಕೊನೆಗೆ ಶೈಲಾಳನ್ನು ನೋಡಿದ.

"ಸಂಪು ಇಲ್ಲೇ ಐತಲ್ಲ ಮೇಡಂ."

"ಗೊತ್ತು. ದೋಣಿಗೆ ಬಿಡಿ. ಮುಕ್ಕಾಲು ತುಂಬಿದರೆ ಸಾಕು. ನಿಧಾನವಾಗಿ ಬಿಡಿ."

"ಏರಿಯಾದಲ್ಲಿ ಒಂದೊಂದ್ ಲೋಡಿಗೆ ನಾಕ್ ದಿನ ಕಾಯ್ತಾವ್ರೆ. ಯಾರಾದ್ರೂ ನೋಡಿದ್ರೆ…"

"ಹೇಳೋರು ನನಗೆ ಹೇಳ್ತಾರೆ."

ಅವನು ಭುಜ ಕುಣಿಸಿ ವಾಲ್ವ್ ತಿರುಗಿಸಿದ. ಲೋಹದ ತಳಕ್ಕೆ ನೀರು ಬಿದ್ದ ಸದ್ದು ಇಡೀ ಚಂದ್ರಾ ಲೇಔಟಿಗೆ ಕೇಳಿಸಿತೇನೋ ಎಂದು ಶೈಲಾಳಿಗೆ ಅನ್ನಿಸಿತು. ಏಪ್ರಿಲ್ ತಿಂಗಳು. ಆ ರಸ್ತೆಯ ಬೋರ್‌ವೆಲ್‌ಗಳು ಒಣಗಿ ಐದು ವಾರವಾಗಿತ್ತು. ಎದುರು ಮನೆಯ ಬಾಲ್ಕನಿಯಲ್ಲಿ ಒಬ್ಬರು, ಅವರ ಹಿಂದೆ ಇನ್ನೊಬ್ಬರು ಬಂದು ನಿಂತರು. ಸದ್ದು ಅಂಥದು.

ಅವಳ ಗಂಡ ಸುಬ್ರಮಣಿ ಒಳಗಿನಿಂದ ಬಂದ. ಎರಡನೇ ಶನಿವಾರ, ವಿಮಾ ಕಚೇರಿಗೆ ರಜೆ. ಆದರೂ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡಿದ್ದ.

"ಇವತ್ತೇ ಮಾಡ್ಬೇಕಿತ್ತಾ?"

"ಇವತ್ತೇ."

"ಅಲ್ಲ, ಜನ…"

"ಮಧ್ಯಾಹ್ನಕ್ಕೆ ಮುಗಿಯುತ್ತೆ ರೀ."

"ಮುಗಿದ್ಮೇಲೆ ಕಾರು ಒಳಗೆ ತರಬಹುದಾ?"

ಉತ್ತರಕ್ಕೆ ಅವನು ಕಾಯಲಿಲ್ಲ. ಮೆಡಿಕಲ್ ಸ್ಟೋರಿಗೆ ಹೋಗುವುದಿದೆ ಎಂದು ಗೇಟಿನತ್ತ ನಡೆದ. ಎಂಟು ತಿಂಗಳಿಂದ ದೋಣಿ ಗೇಟಿನೊಳಗಿತ್ತು, ಕಾರು ಬೀದಿಯಲ್ಲಿತ್ತು. ಈ ಎಂಟು ತಿಂಗಳಲ್ಲಿ ದೋಣಿ ಯಾಕೆ ಎಂದು ಅವನು ಒಮ್ಮೆಯೂ ಕೇಳಿರಲಿಲ್ಲ. ನೆಂಟರಿಗೆ 'ಹಾಬಿ' ಎಂದು ಹೇಳಿ ಮುಗಿಸಿದ್ದ. ಕೇಳಿದರೆ ಏನು ಹೇಳಬೇಕೆಂದು ಅವಳು ಮೊದಲ ವಾರದಲ್ಲೇ ಸಿದ್ಧಮಾಡಿಟ್ಟುಕೊಂಡಿದ್ದಳು. ಆ ಮಾತುಗಳು ಹಾಗೇ ಉಳಿದಿದ್ದವು.

ಶೈಲಾ ಹತ್ತೊಂಬತ್ತು ವರ್ಷ ಮೀನುಗಳ ಸಂಶೋಧನಾ ಕೇಂದ್ರವೊಂದರಲ್ಲಿ ವಿಜ್ಞಾನಿಯಾಗಿದ್ದಳು. ಊರಾಚೆಯ ಜಲಾಶಯದಲ್ಲಿ ಬಲೆ ಬಿಟ್ಟು, ಸಿಕ್ಕ ಮೀನನ್ನು ಅಳೆದು, ತೂಗಿ, ವರದಿ ಬರೆಯುವುದು ಅವಳ ಕೆಲಸ. ಬಲೆ ಬಿಡುತ್ತಿದ್ದವನು, ಹುಟ್ಟು ಹಾಕುತ್ತಿದ್ದವನು ರಾಚಪ್ಪ. ಕೊಪ್ಪಳದ ಕಡೆಯವನು. ಹನ್ನೊಂದು ವರ್ಷ ಇದೇ ದೋಣಿಯಲ್ಲಿ ಅವರಿಬ್ಬರೂ ಎದುರುಬದುರು ಕೂತಿದ್ದರು. ಈಜು ಬರುವುದಿಲ್ಲವೇ ಎಂದು ಅವಳು ಒಮ್ಮೆ ಕೇಳಿದ್ದಳು. "ಕಲಿಯಾಕ ನಮ್ಮೂರಾಗ ನೀರೆಲ್ಲಿತ್ರಿ?" ಎಂದು ನಕ್ಕಿದ್ದ. ಅವನಿಗೆ ಮಕ್ಕಳೆಷ್ಟು ಎಂದು ಅವಳಿಗೆ ತಿಳಿದದ್ದು ಅವನು ಸತ್ತ ಮೇಲೆ.

ಮೂರು ವರ್ಷದ ಹಿಂದಿನ ಜುಲೈ. ಆ ದಿನ ಅವಳಿಗೆ ವರದಿ ಮುಗಿಸುವುದಿತ್ತು. ರಾತ್ರಿ ಬಿಟ್ಟ ಬಲೆ ಎತ್ತಲು ರಾಚಪ್ಪ ಒಬ್ಬನೇ ಹೋದ. ಗಾಳಿ ಎದ್ದಿತು. ದೋಣಿ ಅಂಚಿನವರೆಗೆ ನೀರು ತುಂಬಿಕೊಂಡು, ಮುಳುಗದೆ, ದಡದಿಂದ ಇನ್ನೂರು ಗಜ ದೂರದಲ್ಲಿ ನಿಂತಿತ್ತು. ರಾಚಪ್ಪ ಮಾರನೆಯ ದಿನ ಸಿಕ್ಕಿದ. ವಿಚಾರಣೆ ನಡೆಯಿತು. ಗಾಳಿ ಜೋರಿತ್ತು, ಲೈಫ್ ಜಾಕೆಟ್ ಹಾಕಿರಲಿಲ್ಲ ಎಂದು ಬರೆದರು. ಎರಡೂ ನಿಜ.

ಕಡತದಲ್ಲಿ ಇನ್ನೊಂದು ಹಾಳೆಯಿತ್ತು. ಅದಕ್ಕೂ ನಾಲ್ಕು ತಿಂಗಳ ಹಿಂದಿನದು. 'ಖುದ್ದಾಗಿ ಪರಿಶೀಲಿಸಿದ್ದೇನೆ. ದೋಣಿ ಬಳಕೆಗೆ ಯೋಗ್ಯವಾಗಿದೆ.' ಕೆಳಗೆ ಹಸಿರು ಶಾಯಿಯಲ್ಲಿ ಶೈಲಾಳ ಸಹಿ. ಆ ವಾರವೇ ರಾಚಪ್ಪ ಬಾಗಿಲಲ್ಲಿ ನಿಂತು, "ಮೇಡಮ್ರಿ, ದೋಣ್ಯಾಗ ನೀರು ಬರಾಕತ್ತೈತ್ರಿ" ಎಂದಿದ್ದ. ಅವಳು "ನೋಡೋಣ" ಎಂದಿದ್ದಳು. ಚಹಾ ಆರುವುದರೊಳಗೆ ಏಳು ಹಾಳೆಗಳಿಗೆ ಸಹಿ ಹಾಕಿದ್ದಳು. ಅದು ಅವುಗಳಲ್ಲೊಂದು.

ವಿಚಾರಣೆಯಲ್ಲಿ ಆ ಹಾಳೆಯ ಬಗ್ಗೆ ಯಾರೂ ಕೇಳಲಿಲ್ಲ.

ಅವಳು ಸ್ವಯಂನಿವೃತ್ತಿ ತೆಗೆದುಕೊಂಡಳು. ಮುರಿದ ಕುರ್ಚಿಗಳ ಜೊತೆ ದೋಣಿಯೂ ಗುಜರಿ ಹರಾಜಿಗೆ ಬಂದಾಗ ಹೋಗಿ ಕೊಂಡಳು. ಬಣ್ಣ ಕೆರೆದಳು. ನೀಲಿಯ ಕೆಳಗೆ ಕಿತ್ತಳೆ ಇತ್ತು, ಕಿತ್ತಳೆಯ ಕೆಳಗೆ ಬರಿಯ ಲೋಹ. ನೆಗ್ಗಿದ ಕಡೆ ಮರದ ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡಿದಳು. ಕೊಳೆತ ಸೀಟಿನ ಹಲಗೆಗಳನ್ನು ತೆಗೆದು ಹೊಸವನ್ನು ಕೊಯ್ಯಿಸಿದಳು. ಅಂಗೈ ಬೊಬ್ಬೆ ಬಂದು ಒಡೆದು ಗಟ್ಟಿಯಾಯಿತು. ಈ ಗಟ್ಟಿ ಕೈಯ ಬಗ್ಗೆ ಅವಳಿಗೆ ಗುಟ್ಟಾದ ಹೆಮ್ಮೆಯಿತ್ತು. ಕಾಮಾಕ್ಷಿಪಾಳ್ಯದ ವರ್ಕ್‌ಶಾಪಿನ ಗಿರಿರಾಜ್ ಬಂದು ನೋಡಿ, ತಗಡು ಕೂಡಿಸಿರೋ ಹಳೇ ರಿವೆಟ್ ಪೂರ್ತಿ ಕಿತ್ತು ಹೊಸದು ಹೊಡೆದುಕೊಡ್ತೀನಿ, ಒಂದು ದಿನದ ಕೆಲಸ ಎಂದ.

"ಬೇಡ. ಮೊದಲು ಎಲ್ಲಿ ಸೋರುತ್ತೆ ಅಂತ ಗೊತ್ತಾಗ್ಬೇಕು."

"ಪೂರ್ತಿ ಹೊಡೆದ್ರೆ ಸೋರೋದೇ ಇಲ್ವಲ್ಲ ಮೇಡಂ. ಗೊತ್ತಾಗಿ ಏನಾಗ್ಬೇಕು?"

ಅವಳು ಹಠ ಹಿಡಿದಳು. ಆಗ ಅವನೇ ಉಪಾಯ ಹೇಳಿದ್ದು. ಒಳಗಡೆ ನೀರು ತುಂಬಿ, ಕೆಳಗಡೆ ಎಲ್ಲಿ ಬರುತ್ತೋ ಅಲ್ಲೇ ಕಂಪ್ಲೇಂಟು.

ಟ್ಯಾಂಕರ್ ಹೊರಟಾಗ ಹತ್ತೂವರೆ. ಶೈಲಾ ದೋಣಿಯ ಕೆಳಗೆ ಹಳೆಯ ಪೇಪರುಗಳನ್ನು ಹರಡಿ, ಹೊರಮೈಯನ್ನು ಒಣ ಬಟ್ಟೆಯಿಂದ ಒರೆಸಿ, ಮೊಣಕಾಲೂರಿ ಕೂತಳು. ಸೋರಿದರೆ ತಪ್ಪು ತನ್ನದು. ಸೋರದಿದ್ದರೆ ಗಾಳಿಯದು. ಮೂರು ವರ್ಷದಿಂದ ತಲೆಯಲ್ಲಿ ಸುತ್ತುತ್ತಿದ್ದದ್ದು ಈಗ ಹೀಗೆ ಎರಡೇ ವಾಕ್ಯಕ್ಕೆ ಇಳಿದಿತ್ತು.

ಇಪ್ಪತ್ತು ನಿಮಿಷವಾದರೂ ಪೇಪರು ಒಣಗಿಯೇ ಇತ್ತು. ಅರ್ಧ ಗಂಟೆಯಾಯಿತು. ಅವಳಿಗೆ ಸಮಾಧಾನವಾಗಬೇಕಿತ್ತು. ಆದದ್ದು ನಿರಾಸೆ. ಅದು ನಿರಾಸೆ ಎಂದು ಗೊತ್ತಾದಾಗ ಅವಳಿಗೆ ತನ್ನ ಬಗ್ಗೆ ಸಣ್ಣ ಭಯವಾಯಿತು.

ಕಾಂಪೌಂಡಿನ ಮೇಲೆ ಪಕ್ಕದ ಮನೆಯ ಇಂದ್ರಮ್ಮನ ಮುಖ ಮೂಡಿತು.

"ಶೈಲಾ, ಆ ನೀರು ಏನ್ಮಾಡ್ತೀಯಮ್ಮಾ ಆಮೇಲೆ?"

"ಒಂದು ಗಂಟೆಗೆ ನನ್ನ ಕೆಲಸ ಮುಗಿಯುತ್ತೆ ಆಂಟಿ. ಆಮೇಲೆ ಯಾರು ಬೇಕಾದ್ರೂ ತಗೊಳ್ಳಿ."

"ಪಾತ್ರೆ ತೊಳೆಯಕ್ಕಾಗುತ್ತಾ?"

"ಆಗುತ್ತೆ."

"ಮೀನಿನ ವಾಸನೆ?"

"ಇಲ್ಲ ಆಂಟಿ. ಉಜ್ಜಿ ತೊಳೆದಿದೀನಿ."

"ನನಗೇನಿಲ್ಲಮ್ಮ, ನಮ್ಮ ಮನೆಯವರು ಕೇಳ್ತಾರೆ" ಎಂದು ಇಂದ್ರಮ್ಮ ಮರೆಯಾದರು.

ಶೈಲಾ ತಿರುಗುವಷ್ಟರಲ್ಲಿ ಹಿಂಭಾಗದ ಒಂದು ರಿವೆಟ್ಟಿನ ಸುತ್ತ ಲೋಹ ಕಪ್ಪಾಗಿತ್ತು. ಕಪ್ಪು ಹರಡಿ ಉಬ್ಬಿತು. ಪೇಪರಿನ ಮೇಲೆ ಟಪ್ ಎಂದಿತು. ಇನ್ನೊಂದು ಹನಿ ಬಿತ್ತು. ಅವಳು ಅಂಗೈಯಿಂದ ಆ ಜಾಗದ ಪಕ್ಕದಲ್ಲಿ ಒತ್ತಿದಳು. ತಗಡು ಬಳುಕಿತು, ಸಾಲಿನ ಮೂರು ರಿವೆಟ್ಟುಗಳ ನಡುವಿನಿಂದ ನೀರು ಧಾರೆಯಾಗಿ ಮೊಣಕೈವರೆಗೆ ಇಳಿಯಿತು. ಕೈ ತೆಗೆದಳು. ಮತ್ತೆ ಹನಿ. ಸುಮ್ಮನೆ ನಿಂತ ದೋಣಿಯಲ್ಲಿ ಹನಿ, ಅಲೆಗೆ ಬಳುಕುವ ದೋಣಿಯಲ್ಲಿ ಧಾರೆ. ಹಿಂದಿನ ಸೀಟಿನ ನೇರ ಕೆಳಗೆ. ರಾಚಪ್ಪ ಕೂರುತ್ತಿದ್ದ ಜಾಗ. ಹಲಗೆ ಎತ್ತಿ ನೋಡಿದ್ದರೆ ಯಾರಿಗಾದರೂ ಕಾಣುತ್ತಿತ್ತು.

ಶೈಲಾ ಗಟ್ಟಿಯಾಗಿ ನಕ್ಕಳು. ನೀಲಿ ಮಾರ್ಕರಿನಿಂದ ಆ ಜಾಗಕ್ಕೆ ವೃತ್ತ ಬರೆದಳು. ಇಷ್ಟು ಹಗುರವಾಗಿ ಅವಳಿಗೆ ಮೂರು ವರ್ಷದಿಂದ ಅನ್ನಿಸಿರಲಿಲ್ಲ.

ಹನ್ನೆರಡು ಗಂಟೆಗೆ ಶಂಕ್ರವ್ವ ಬಂದಳು. ರಾಚಪ್ಪನ ಹೆಂಡತಿ. ಸುಂಕದಕಟ್ಟೆಯ ಪಿ.ಜಿ.ಯೊಂದರಲ್ಲಿ ರೊಟ್ಟಿ ಬಡಿಯುತ್ತಾಳೆ. ಬರಬೇಕೆಂದು ಶೈಲಾಳೇ ಹಿಂದಿನ ದಿನ ಫೋನು ಮಾಡಿದ್ದಳು. ಎರಡು ಬಸ್ಸು ಬದಲಿಸಿ, ಬಟ್ಟೆಯಲ್ಲಿ ಸುತ್ತಿದ ರೊಟ್ಟಿಯ ಗಂಟು ಹಿಡಿದು ಬಂದಿದ್ದಳು.

"ಭುವನೇಶ್ವರಿದು ಪ್ರೊಬೇಷನ್ ಬರೂ ತಿಂಗಳ ಮುಗೀತೈತ್ರಿ. ಮೇಡಂಗ ಕೊಡವ್ವಾ ಅಂತ ಕಳಿಸ್ಯಾಳ."

ಭುವನೇಶ್ವರಿ ಮಗಳು. ಅಪ್ಪ ಕೆಲಸದಲ್ಲಿದ್ದಾಗಲೇ ಸತ್ತದ್ದರಿಂದ ಅದೇ ಕೇಂದ್ರದಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತ್ತು. ಅದರ ಕಾಗದ ಪತ್ರ ಹಿಡಿದು ಓಡಾಡಿದವಳು ಶೈಲಾ.

ಶಂಕ್ರವ್ವ ದೋಣಿಯನ್ನು ಸುತ್ತಿ ಬಂದಳು. "ಭಾಳ ಚಂದ ಹೊಳೀತೈತ್ರಿ. ಮೀನು ಸಾಕ್ತೀರೇನು?"

"ಶಂಕ್ರವ್ವ, ಇದು ರಾಚಪ್ಪ ಹೋದ ದೋಣಿ."

ಶಂಕ್ರವ್ವ ಒಂದು ಹೆಜ್ಜೆ ಹಿಂದಿಟ್ಟಳು. ಈ ತುದಿಯಿಂದ ಆ ತುದಿಗೆ ಕಣ್ಣಾಡಿಸಿದಳು.

"ಇಷ್ಟು ಸಣ್ಣದೇನ್ರಿ?" ಎಂದಳು. "ಅವ್ರು ಹೇಳೂದು ಕೇಳಿ ದೊಡ್ಡದು ಅಂತ ತಿಳಿದಿದ್ದೆ."

ಶೈಲಾ ಅವಳ ಕೈ ಹಿಡಿದು ಕೆಳಗೆ ಕೂರಿಸಿದಳು. ವೃತ್ತ ತೋರಿಸಿದಳು. ಎಂಟು ತಿಂಗಳಿಂದ ಮನಸ್ಸಿನಲ್ಲೇ ತಿದ್ದಿದ ಮಾತು ಆಡುವಾಗ ತೀರಾ ಸಣ್ಣದಾಯಿತು.

"ಇಲ್ಲಿ ಸೋರ್ತಿದೆ. ಅವರು ನನಗೆ ಹೇಳಿದ್ರು. ನಾನು ನೋಡ್ಲಿಲ್ಲ. ನೋಡಿದೀನಿ ಅಂತ ಸೈನ್ ಹಾಕಿದೆ."

ಹನಿ ಬೀಳುತ್ತಿತ್ತು. ಶಂಕ್ರವ್ವ ಅದನ್ನು ನೋಡುತ್ತಿದ್ದಳು. ಅವಳು ಅಳಬಹುದು, ಕೈ ಎತ್ತಬಹುದು, ಏನು ಮಾಡಿದರೂ ಸರಿ ಎಂದು ಶೈಲಾ ಸಿದ್ಧಳಾಗಿದ್ದಳು.

"ನನಗೂ ಹೇಳಿದ್ರರಿ" ಎಂದಳು ಶಂಕ್ರವ್ವ.

"ಏನು?"

"ನೀರು ಬರ್ತೈತಿ, ಡಬ್ಬಿಲೇ ಗೋರಿ ಗೋರಿ ಕೈ ಸೋಲ್ತಾವ ಅಂತ. ಉಣ್ಣಾಗ ಹೇಳಿದ್ರು. ಮೇಡಂಗ ಹೇಳ್ರಿ ಅಂದೆ. ಹೇಳೇನಿ ಅಂದ್ರು. ಮತ್ತ ನಾನೂ ಸುಮ್ಮನಾದೆ. ಹೋಗಬ್ಯಾಡ್ರಿ ಅನ್ನಲಿಲ್ಲ." ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಮೂರು ವರ್ಷ ಆ ಗಾಳಿಗೆ ಬೈಕೋಂತ ಬಂದೆ. ಈಗ ಯಾರಿಗೆ ಬೈಲ್ರಿ?"

"ನನಗೆ ಬೈಯಿರಿ."

"ನಿಮಗ ಹೆಂಗ ಬೈಲಿ? ಹುಡುಗಿ ಕೆಲಸಕ್ಕ ಬಿಸಿಲಾಗ ಅಡ್ಡಾಡಿದವ್ರು ನೀವು."

"ನಾನು ಕೇಂದ್ರಕ್ಕೆ ಬರೆದು ಕೊಡ್ತೀನಿ. ತಪ್ಪು ನಂದು ಅಂತ. ಮತ್ತೆ ವಿಚಾರಣೆ ಆಗ್ಲಿ."

"ಬ್ಯಾಡ!" ಶಂಕ್ರವ್ವನ ದನಿ ಮೊದಲ ಸಲ ಏರಿತು. ಬಾಲ್ಕನಿಯವರು ಬಗ್ಗಿ ನೋಡಿದರು. ಅವಳು ದನಿ ತಗ್ಗಿಸಿದಳು. "ಆಕಿ ದಿನಾ ಅದೇ ಆಫೀಸಿಗೆ ಹೋಗ್ತಾಳ್ರಿ. ಅದೇ ಸಾಹೇಬರ ಮುಂದ ನಿಲ್ಲತಾಳ. ಅಪ್ಪ ಗಾಳಿಗೆ ಹೋದ ಅಂತ ನಂಬ್ಯಾಳ. ಹಂಗ ಇರ್ಲಿ. ಎಲ್ಲಾರ ಬಾಯಾಗ ಮತ್ತ ಬರೂದು ಬ್ಯಾಡ."

"ಆದ್ರೆ ನಿಜ…"

"ಹೇಳಿದ್ಮ್ಯಾಲೆ ನಿಮಗ ಹಗುರಾಗೈತ್ರಿ, ನನಗ ಕಾಣ್ತೈತಿ." ಅವಳು ಟೈರು ಹಿಡಿದು ಮೇಲೆದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಬಸ್ಸು ತಪ್ಪೀತೆಂಬ ಆತುರದಂಥದ್ದೇನೋ ಇತ್ತು. "ಆ ತೂತು ಮುಚ್ಚಿಬಿಡ್ರಿ ಮೇಡಮ್ರಿ. ಯಾರಿಗೂ ತೋರಿಸಬ್ಯಾಡ್ರಿ."

ರೊಟ್ಟಿಯ ಗಂಟನ್ನು ಮೆಟ್ಟಿಲ ಮೇಲಿಟ್ಟು ಹೋದಳು. ಊಟ ಮಾಡಿ ಹೋಗಿ ಎಂದು ಕರೆಯಬೇಕೆಂದು ಶೈಲಾಳಿಗೆ ಹೊಳೆದಾಗ ಅವಳು ರಸ್ತೆಯ ತಿರುವು ದಾಟಿದ್ದಳು.

ಶೈಲಾ ಗೇಟು ಹಿಡಿದು ನಿಂತಳು. ಮಾಡಿದ ತಪ್ಪು ತನ್ನದು ಎಂದುಕೊಂಡಿದ್ದಳು. ಈಗ ಅದರಲ್ಲಿ ಪಾಲಿಗೆ ಇನ್ನೊಬ್ಬಳು ಸಿಕ್ಕಿದ್ದಳು. ಅವಳ ಪಾಲನ್ನು ಅವಳಿಗೆ ಕೊಟ್ಟವಳು ತಾನೇ. ಬೆಳಿಗ್ಗೆಯವರೆಗೆ ಶಂಕ್ರವ್ವನಿಗೆ ಬೈಯಲು ಗಾಳಿಯಾದರೂ ಇತ್ತು.

ಹೇಳಿದ್ದ ಒಂದು ಗಂಟೆ ಇನ್ನೂ ಆಗಿರಲಿಲ್ಲ. ಆದರೆ ಇಂದ್ರಮ್ಮ ಬಿಂದಿಗೆ ಹಿಡಿದು ಬಂದೇಬಿಟ್ಟರು. ಅವರ ಹಿಂದೆ ಬಾಲ್ಕನಿಯವರು, ಮೂಲೆಮನೆಯ ಬಾಡಿಗೆಯವರು, ಗುರುತಿಲ್ಲದ ಐದಾರು ಹೆಂಗಸರು. ಬಕೆಟ್ಟು, ಕೊಡ, ಪೇಂಟಿನ ಡಬ್ಬಿ, ಕುಕ್ಕರ್. ಯಾರೂ ಜಗಳವಾಡಲಿಲ್ಲ. ದೋಣಿಯ ಸುತ್ತ ನಿಂತು, ಅಂಚಿಗೆ ಹೊಟ್ಟೆ ಒತ್ತಿ ಬಗ್ಗಿ, ಮೊಗೆಯತೊಡಗಿದರು. ಅಷ್ಟು ಜನರ ಭಾರಕ್ಕೆ ತಗಡು ಬಳುಕಿತು.

"ಅಯ್ಯೋ, ಕೆಳಗಡೆ ಹರಿದು ಹೋಗ್ತಿದೆ ನೋಡ್ರೇ!" ಇಂದ್ರಮ್ಮ ಕೂಗಿದರು. "ಯಾರಾದ್ರೂ ಹಿಡ್ಕೊಳ್ರೀ, ದಂಡ ಆಗುತ್ತೆ!"

ಶೈಲಾ ಏನೂ ಯೋಚಿಸಲಿಲ್ಲ. ನೆಲಕ್ಕೆ ಮಲಗಿ, ಟೈರುಗಳ ನಡುವೆ ಜರುಗಿ, ದೋಣಿಯ ಕೆಳಗೆ ಸೇರಿದಳು. ವೃತ್ತದ ನಡುವೆ ಹೆಬ್ಬೆರಳು ಒತ್ತಿದಳು. ಧಾರೆ ನಿಂತಿತು. ಒದ್ದೆ ಪೇಪರು ಬೆನ್ನಿಗೆ ಅಂಟಿತು. ಮುಖದಿಂದ ಒಂದು ಗೇಣು ಮೇಲೆ ಲೋಹ, ಅದರಾಚೆ ನೀರು. ಸುತ್ತ ಬರಿಯ ಪಾದಗಳು ಕಾಣುತ್ತಿದ್ದವು.

ಪಾದಗಳ ನಡುವೆ ಒಂದು ಜೊತೆ ಚಪ್ಪಲಿ ಬಂದು ನಿಂತಿತು. ಸುಬ್ರಮಣಿ.

"ಶೈಲಾ ಎಲ್ಲಿ?"

"ಒಳಗೆ ಹೋಗಿರ್ಬೇಕು" ಎಂದರು ಇಂದ್ರಮ್ಮ.

ಚಪ್ಪಲಿ ಒಂದು ಕ್ಷಣ ಅಲ್ಲೇ ಇತ್ತು. ಆಮೇಲೆ ಮನೆಯ ಬಾಗಿಲ ಕಡೆ ಹೋಯಿತು.

ಅವಳು ಕರೆಯಲಿಲ್ಲ. ಹೆಬ್ಬೆರಳು ಮರಗಟ್ಟುತ್ತಿತ್ತು. ಅದನ್ನು ಇನ್ನಷ್ಟು ಒತ್ತಿದಳು. ಮೇಲೆ ಯಾರದೋ ಬಿಂದಿಗೆ ನೀರಿಗಿಳಿಯಿತು. ಓರೆಯಾಗಿ, ಒಳಗಿನ ಗಾಳಿಯನ್ನು ಬುಳುಬುಳು ಎಂದು ಕಕ್ಕುತ್ತಾ, ಪೂರ್ತಿ ತುಂಬುವವರೆಗೂ ಅದು ಸದ್ದು ಮಾಡುತ್ತಾ ಮುಳುಗಿತು.