ಅಕ್ಕನ ಕೈ, ಲೆನ್ಸಣ್ಣನ ಸಾಮಾನು

ಅವನಿಗೆ ಲೆನ್ಸಣ್ಣ ಎಂದು ಹೆಸರಿಟ್ಟವರು ಕ್ಯಾಮೆರಾ ಅಂಗಡಿಯವರು. ಆ ಹೆಸರು ಅಂಗಡಿಯಿಂದ ಬೀದಿಗೆ ಇಳಿದು, ಬೀದಿಯಿಂದ ಮನೆಗೆ ನಡೆದು, ಕೊನೆಗೆ ಹೆಂಡತಿಯ ಬಾಯಲ್ಲೂ ಕೂತುಬಿಟ್ಟಿತ್ತು. ಸಿಟ್ಟು ಬಂದಾಗ ಮಾತ್ರ ಅವಳು "ರೀ" ಅನ್ನುತ್ತಿದ್ದಳು.

ಹೊಟ್ಟೆಪಾಡಿಗೆ ಅವನು ಹಲ್ಲಿನ ಸೆಟ್ ಮಾಡುವವನು. ದಂತವೈದ್ಯರು ಕಳಿಸಿದ ಅಚ್ಚು ನೋಡಿ, ಮೇಣದಲ್ಲಿ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಟ್ಟು, ಡಬ್ಬಿಯಲ್ಲಿಟ್ಟು ಕಳಿಸಿದರೆ ಅವನ ಕೆಲಸ ಮುಗಿಯಿತು. ಆ ಹಲ್ಲು ಯಾರ ಬಾಯಿ ಸೇರಿತು, ಅವರು ಅದನ್ನು ತೋರಿಸಿ ನಕ್ಕರೋ ಇಲ್ಲವೋ, ಅವನಿಗೆ ತಿಳಿಯುತ್ತಿರಲಿಲ್ಲ. ಹಗಲೆಲ್ಲ ಮುಖವಿಲ್ಲದ ಬಾಯಿಗಳ ನಡುವೆ ಕೂತು ಕೂತು ಒಂದು ದಿನ ಅವನಿಗೆ ಮುಖಗಳನ್ನು ನೋಡಬೇಕು ಅನ್ನಿಸಿತು. ಅದೇ ಆಸೆ ಅವನನ್ನು ಕ್ಯಾಮೆರಾ ಅಂಗಡಿಯ ಮೆಟ್ಟಿಲು ಹತ್ತಿಸಿದ್ದು.

ಕ್ಯಾಮೆರಾ ಬಂತು, ಮುಖಗಳು ಬರಲಿಲ್ಲ. ಲೆನ್ಸಣ್ಣ ಮಹಾ ಸಂಕೋಚದ ಪ್ರಾಣಿ. ಪಾರ್ಕಿನ ಬೆಂಚಿನ ಮೇಲೆ ಯಾರಾದರೂ ಹಿರಿಯರು ಚೆಂದವಾಗಿ ಕೂತಿದ್ದು ಕಂಡರೆ ಕ್ಯಾಮೆರಾ ಎತ್ತುವನು. ಅವರು ಇತ್ತ ತಿರುಗಿದರೋ, ತಾನು ಪಕ್ಕದ ಮರದ ತೊಗಟೆಯ ಫೋಟೋ ತೆಗೆಯಲೆಂದೇ ಹುಟ್ಟಿದವನಂತೆ ನಟಿಸುವನು. ಹೀಗೆ ಅವನ ಬಳಿ ತೊಗಟೆಯ ಫೋಟೋಗಳು ರಾಶಿ ಬಿದ್ದವು. ತಪ್ಪು ತನ್ನದಲ್ಲ, ಲೆನ್ಸಿನದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಮತ್ತೆ ಅಂಗಡಿಗೆ ಹೋಗುವನು. ಅಲ್ಲಿ ಎಡಗಡೆಯ ಗಾಜಿನ ಕಪಾಟು ಈಗಷ್ಟೇ ಕಲಿಯುವವರಿಗೆ, ಬಲಗಡೆಯದು ಅದನ್ನೇ ಕಸುಬು ಮಾಡಿಕೊಂಡವರಿಗೆ. ಲೆನ್ಸಣ್ಣ ಎರಡರಲ್ಲೂ ಸೇರದವನು. ಅವನಿಗಾಗಿಯೇ ಅಂಗಡಿಯವರು ನಡುವೆ ಒಂದು ಸ್ಟೂಲು ಹಾಕಿದ್ದರು.

ಮನೆಯಲ್ಲಿ ಕಾಲಿಟ್ಟಲ್ಲಿ ಸಾಮಾನು. ಮೂರು ಕಾಲಿನ ಟ್ರೈಪಾಡು, ಅದನ್ನು ನಿಲ್ಲಿಸಿ ಉರುಳಿಸುವ ಚಕ್ರದ ಕಾಲು, ಟ್ರೈಪಾಡಿನ ನೆತ್ತಿಗೆ ಕ್ಯಾಮೆರಾ ತಿರುಗಿಸುವ ಉದ್ದ ಹಿಡಿಕೆಯ ತಿರುಗಣಿ, ಬ್ಯಾಟರಿ ದೀಪಗಳು, ಕ್ಲಿಪ್ಪುಗಳು, ಮಡಿಸಿದರೆ ತಟ್ಟೆಯಷ್ಟಾಗಿ ಬಿಚ್ಚಿದರೆ ಛತ್ರಿಯಷ್ಟಾಗುವ, ಬೆಳಕನ್ನು ಬೇಕಾದತ್ತ ಹೊರಳಿಸುವ ಬೆಳ್ಳಿ ಬಣ್ಣದ ರಿಫ್ಲೆಕ್ಟರು. ಹೆಂಡತಿ ಜಗಳವಾಡಿ ಗಂಟಲು ನೋಯಿಸಿಕೊಳ್ಳುವವಳಲ್ಲ. ಅವಳು ಸುಮ್ಮನೆ ಒಂದೊಂದನ್ನೇ ಸಂಸಾರಕ್ಕೆ ಸೇರಿಸಿಕೊಂಡಳು. ಚಕ್ರದ ಕಾಲಿನ ಮೇಲೆ ಹೂವಿನ ಕುಂಡ ಕೂತು ಬಿಸಿಲು ಸರಿದಂತೆ ತಾನೂ ಸರಿಯಿತು. ಕ್ಲಿಪ್ಪುಗಳು ಕಿಟಕಿಯ ಪರದೆ ಹಿಡಿದವು. ದುಂಡು ದೀಪದ ಮುಂದೆ ಕೂತು ಅವಳು ಸೂಜಿಗೆ ದಾರ ಪೋಣಿಸಿದಳು.

"ನೋಡಿ, ನಿಮಗಿಂತ ಜಾಸ್ತಿ ನಾನೇ ಉಪಯೋಗಿಸ್ತಿದ್ದೀನಿ," ಅಂದಳು.

ಅವನ ಅಕ್ಕನದು ಇನ್ನೊಂದೇ ದಾರಿ. ಅವಳು ಕಸುಬಿನ ಫೋಟೋಗ್ರಾಫರ್. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ, ದರ್ಜಿಯ ಅಂಗಡಿಯ ಮೇಲೆ ಅವಳ ಸ್ಟುಡಿಯೋ. ಇದ್ದದ್ದು ಮೂಲೆ ಸವೆದ ಒಂದು ಕ್ಯಾಮೆರಾ, ಎರಡು ಲೆನ್ಸು, ಜಿಪ್ಪು ಕಿತ್ತುಹೋದ ಒಂದು ಚೀಲ. ತಮ್ಮನ ತೊಗಟೆಗಳನ್ನು ನೋಡಿ ಅವಳು ಹೇಳುತ್ತಿದ್ದದ್ದು ಒಂದೇ ಮಾತು: "ಹತ್ತಿರ ಹೋಗೋ. ಯಾರೂ ನಿನ್ನ ಕಚ್ಚಲ್ಲ."

ಕೈತುಂಬ ಮದುವೆಗಳಿದ್ದ ಕಾಲದಲ್ಲಿ, ಒಂದು ಮುಂಜಾನೆ ಅಕ್ಕ ಸ್ಟುಡಿಯೋದ ಮೆಟ್ಟಿಲ ಮೇಲೆ ಕಾಲು ಜಾರಿ ಬಿದ್ದಳು. ಕ್ಯಾಮೆರಾ ನೆಲಕ್ಕೆ ತಾಗದಂತೆ ಎಡಗೈಯಲ್ಲಿ ಎತ್ತಿ ಹಿಡಿದು, ಮೈಭಾರವನ್ನೆಲ್ಲ ಬಲಗೈಯ ಮೇಲೆ ಹಾಕಿದ್ದಳು. ಕ್ಯಾಮೆರಾಕ್ಕೆ ಒಂದು ಗೀರೂ ಬೀಳಲಿಲ್ಲ, ಮಣಿಕಟ್ಟು ಮುರಿಯಿತು. ಲೆನ್ಸಣ್ಣ ಆಸ್ಪತ್ರೆಗೆ ಓಡಿಹೋದಾಗ ಅವಳು ಪ್ಲಾಸ್ಟರು ಹಾಕಿದ ಕೈಯನ್ನು ಕೊರಳಿಗೆ ನೇತುಹಾಕಿಕೊಂಡು, ಎಡಗೈಯಲ್ಲಿ ಫೋನು ಹಿಡಿದು ಕಸುಬಿನವರಿಗೆಲ್ಲ ಒಬ್ಬೊಬ್ಬರಿಗೇ ಕರೆ ಮಾಡುತ್ತಿದ್ದಳು.

"ನಾಳೆ ಮದುವೆ ಇದೆ ಕಣೋ. ಯಾರೂ ಬಿಡುವಾಗಿಲ್ಲ."

"ಯಾರದಕ್ಕಾ?"

"ಸಂಗೀತದ ಟೀಚರದ್ದು. ರಿಟೈರಾದವರು. ಗಡಿಯಾರ ರಿಪೇರಿ ಮಾಡ್ತಾರಲ್ಲ, ಹೆಂಡತಿ ತೀರಿಕೊಂಡವರು, ಅವರನ್ನ ಮದುವೆ ಆಗ್ತಿದ್ದಾರೆ. ಆ ಟೀಚರು ಏನಂದ್ರು ಗೊತ್ತಾ? ಶಾಲೆಯ ಫೋಟೋಗಳಲ್ಲೆಲ್ಲ ನಾನು ಮಕ್ಕಳನ್ನ ಸಾಲಾಗಿ ನಿಲ್ಲಿಸಿ ಕೊನೇಲಿ ಅಂಚಿಗೆ ಬಂದು ನಿಂತವಳು, ಅರ್ಧ ಮುಖ ಕತ್ತರಿಸಿ ಹೋಗಿರುತ್ತೆ, ಈ ಸಲ ನನ್ನನ್ನ ನಡುವೆ ನಿಲ್ಲಿಸಿ ಅಂದ್ರು. ಅಂಥವರಿಗೆ ಆಗಲ್ಲ ಅಂತ ಹೇಗೆ ಹೇಳಲಿ?"

"ನಾನು ತೆಗೀಲಾ?" ಬಾಯಿ ತಪ್ಪಿ ಅಂದುಬಿಟ್ಟ ಲೆನ್ಸಣ್ಣ.

ಅಕ್ಕ ಅವನನ್ನು ದಿಟ್ಟಿಸಿದಳು. "ಅವರ ಹಿಂದೆ ಮರ ಏನಾದ್ರೂ ಇದ್ರೆ ಯೋಚನೆ ಮಾಡಬಹುದಿತ್ತು."

ನೋವಿನಲ್ಲೂ ಅವಳಿಗೆ ನಗು ಬಂತು. ಅವನಿಗೂ ಬಂತು. ಆಮೇಲೆ ಅವನ ದೃಷ್ಟಿ ಪ್ಲಾಸ್ಟರಿನ ತುದಿಯಲ್ಲಿ ಇಣುಕುತ್ತಿದ್ದ ಅವಳ ಬೆರಳುಗಳ ಮೇಲೆ ನಿಂತಿತು.

"ಬೆರಳು ಆಡುತ್ತಾ ಅಕ್ಕಾ?"

"ಆಡಿಸ್ತಾ ಇರಬೇಕಂತೆ, ಇಲ್ಲಾಂದ್ರೆ ಬಿಗಿದುಕೊಳ್ಳುತ್ತಂತೆ. ಡಾಕ್ಟರೇ ಹೇಳಿದ್ದು."

"ಹಾಗಾದ್ರೆ ನೀನೇ ತೆಗಿ. ಹೊರೋದು, ಹಿಡಿಯೋದು, ಉರುಳಿಸೋದು ನನಗೆ ಬಿಡು."

ಮನೆಗೆ ಬಂದವನೇ ಲೆನ್ಸಣ್ಣ ಮನೆಯನ್ನು ಕೀಳತೊಡಗಿದ. ಕುಂಡವನ್ನು ನೆಲಕ್ಕಿಳಿಸಿ ಚಕ್ರದ ಕಾಲು ಬಿಡಿಸಿಕೊಂಡ. ಕ್ಲಿಪ್ಪು ಕಳಚಿದ್ದೇ ಪರದೆ ಅವನ ತಲೆಯ ಮೇಲೆ ಬಿತ್ತು. ಹೆಂಡತಿ ಸೊಂಟಕ್ಕೆ ಕೈಕೊಟ್ಟು ನಿಂತು, "ರೀ, ಏನಿದು, ಮನೆ ಖಾಲಿ ಮಾಡ್ತಿದ್ದೀರಾ?" ಅಂದಳು. ವಿಷಯ ತಿಳಿದ ಮೇಲೆ ತಾನೇ ಮಂಚದ ಕೆಳಗೆ ತೂರಿ, ಅವನು ಕೊಂಡು ಮರೆತೇಬಿಟ್ಟಿದ್ದ ವಸ್ತುವೊಂದನ್ನು ಹೊರಗೆಳೆದಳು. ಉದ್ದ ವೈರಿನ ತುದಿಗೆ ಹೆಬ್ಬೆರಳಿಗೆ ಸರಿಯಾದ ಒಂದು ಗುಂಡಿ. ಅದನ್ನು ಒತ್ತಿದರೆ ಕ್ಯಾಮೆರಾ ದೂರದಲ್ಲಿದ್ದರೂ ಫೋಟೋ ತೆಗೆಯುತ್ತದೆ.

"ಇದು ಅತ್ತಿಗೆಗೆ ಆಗಲ್ವಾ?"

ಲೆನ್ಸಣ್ಣನಿಗೆ ಹೆಂಡತಿಯನ್ನು ಎತ್ತಿ ತಿರುಗಿಸಬೇಕು ಅನ್ನಿಸಿತು. ಎರಡೂ ಕೈಯಲ್ಲಿ ಸಾಮಾನಿದ್ದುದರಿಂದ ಸುಮ್ಮನಾದ.

ಅಂದು ಸಂಜೆಯೇ ಅಕ್ಕನ ಸ್ಟುಡಿಯೋದಲ್ಲಿ ಎಲ್ಲವನ್ನೂ ಜೋಡಿಸಿ ನೋಡಿದರು. ಚಕ್ರದ ಮೇಲೆ ಟ್ರೈಪಾಡು, ಅದರ ಮೇಲೆ ಅಕ್ಕನ ಹಳೇ ಕ್ಯಾಮೆರಾ, ಬಗ್ಗದೆ ನೋಡಲು ಪಕ್ಕದಲ್ಲಿ ಚಿತ್ರ ತೋರಿಸುವ ಅಂಗೈಯಗಲದ ಸ್ಕ್ರೀನು. ಎಡಗೈಗೆ ತಿರುಗಣಿಯ ಹಿಡಿಕೆ, ಬಲಗೈ ಹೆಬ್ಬೆರಳಿಗೆ ಗುಂಡಿ. ಹೆಂಡತಿಯನ್ನೇ ಮದುಮಗಳಂತೆ ಕಿಟಕಿಯ ಬಳಿ ನಿಲ್ಲಿಸಿದರು. ಅಕ್ಕ ಒತ್ತಿದಳು. ಕ್ಲಿಕ್ ಎಂದಿತು. ಅವಳು ಇನ್ನೊಮ್ಮೆ ಒತ್ತಿದಳು, ಮತ್ತೊಮ್ಮೆ ಒತ್ತಿದಳು. ಬೆಳಗಿನಿಂದ ಬಿಗಿದಿದ್ದ ಅವಳ ಮುಖ ಸಡಿಲವಾದದ್ದನ್ನು ತಮ್ಮ ನೋಡಿದ.

"ಅಂಗಡಿಯವರ ಹೊಟ್ಟೆ ತಣ್ಣಗಿರಲಿ," ಅಂದಳು ಅಕ್ಕ.

ಮದುವೆ ನಡೆದದ್ದು ಊರಿನ ವಾಚನಾಲಯದ ಮೇಲಿನ ಮಹಡಿಯ ಹಾಲಿನಲ್ಲಿ. ತಲೆಗೆ ತಾಗುವಷ್ಟು ತಗ್ಗಿನ ಚಾವಣಿ, ಒಂದು ಬದಿಗೆ ಬೀದಿಯತ್ತ ತೆರೆದ ದೊಡ್ಡ ಕಿಟಕಿಗಳು, ಕಣ್ಣು ಮಿಟುಕಿಸುತ್ತಿದ್ದ ಒಂದು ಟ್ಯೂಬ್‌ಲೈಟು. ಲೆನ್ಸಣ್ಣ ಉತ್ಸಾಹದಲ್ಲಿ ಇದ್ದಬದ್ದ ದೀಪಗಳನ್ನೆಲ್ಲ ಹೊತ್ತು ತಂದು ಹಚ್ಚಿಬಿಟ್ಟ. ಕೂತಿದ್ದ ನೆಂಟರೆಲ್ಲ ಹಣೆಗೆ ಕೈ ಅಡ್ಡ ಹಿಡಿದರು. ಒಂದು ಮಗು ಅತ್ತಿತು.

"ಮದುವೆ ಮಾಡ್ತಿದ್ದಾರೋ, ಆಪರೇಷನ್ನೋ?" ಅಕ್ಕ ಹಲ್ಲು ಕಚ್ಚಿ ಅಂದಳು. "ಎಲ್ಲ ಆರಿಸು. ಮೊದಲು ಕಣ್ಣಲ್ಲಿ ನೋಡು. ಕಿಟಕಿ ಎಷ್ಟು ಕೊಡ್ತಿದೆ ನೋಡು. ಎಲ್ಲಿ ಸಾಲದೋ ಅಲ್ಲಿಗೆ ಮಾತ್ರ ನೀನು."

ಅವನು ಆರಿಸಿ ನಿಂತು ನೋಡಿದ. ಕಿಟಕಿಯ ಬೆಳಕು ಟೀಚರ ಒಂದು ಕೆನ್ನೆಯನ್ನು ತುಂಬಿ, ಇನ್ನೊಂದನ್ನು ಕತ್ತಲಲ್ಲಿ ಬಿಟ್ಟಿತ್ತು. ಅವನು ಬೆಳ್ಳಿಯ ರಿಫ್ಲೆಕ್ಟರು ಬಿಚ್ಚಿ ಆ ಕಡೆಗೆ ಹೋದ. ಹತ್ತಿರ ಹೋದ, ಇನ್ನೂ ಹತ್ತಿರ ಹೋದ. ಬೆಳಕು ಹೊರಳಿ ಅವರ ಕೆನ್ನೆಗೆ ಬಂದು ಕೂತಿತು. ಕನ್ನಡಕದ ಗಾಜು ಮಿಂಚಿತು.

"ಕನ್ನಡಕದ್ದು ನೋಡ್ಕೊಳೋ," ಅಂದಳು ಅಕ್ಕ. ಅವನು ರಿಫ್ಲೆಕ್ಟರನ್ನು ಸ್ವಲ್ಪ ಎತ್ತಿ ಓರೆ ಮಾಡಿದ. ಮಿಂಚು ಸರಿದುಹೋಗಿ ಕಣ್ಣುಗಳು ಕಂಡವು. ಕಂದು ಬಣ್ಣದ, ಕೊಂಚ ಹೆದರಿದ ಕಣ್ಣುಗಳು.

ಅಷ್ಟು ಹತ್ತಿರದಿಂದ ಅಪರಿಚಿತರ ಮುಖವನ್ನು ಅವನು ಎಂದೂ ನೋಡಿರಲಿಲ್ಲ. ಓಡಿಹೋಗಬೇಕು ಅನ್ನಿಸಲಿಲ್ಲ, ಅದೇ ಅವನಿಗೆ ಆಶ್ಚರ್ಯ. ಕ್ಯಾಮೆರಾ ಎತ್ತಿದರೆ ಜನ ಅವನನ್ನೇ ನೋಡುತ್ತಿದ್ದರು. ಬೆಳಕು ಹಿಡಿದವನನ್ನು ಯಾರೂ ನೋಡುವುದಿಲ್ಲ. ಅವನು ಮಾತ್ರ ಎಲ್ಲರನ್ನೂ ನೋಡುತ್ತ ನಿಲ್ಲಬಹುದು. ಯಾರೂ ಕೇಳದೆಯೇ ಅವನ ಬಾಯಿಂದ ಮಾತು ಬಂತು: "ಟೀಚರೇ, ಗದ್ದ ಒಂಚೂರು ಕೆಳಗೆ. ಹಾಂ, ಹಾಗೇ. ತುಂಬಾ ಚೆನ್ನಾಗಿ ಕಾಣ್ತಿದ್ದೀರಿ."

ಅಕ್ಕ ಕ್ಯಾಮೆರಾದ ಹಿಂದಿನಿಂದ ತಲೆ ಎತ್ತಿ, ಮಾತಾಡಿದ್ದು ತನ್ನ ತಮ್ಮನೇ ಹೌದೋ ಅಲ್ಲವೋ ಎಂದು ಖಾತ್ರಿ ಮಾಡಿಕೊಂಡಳು.

ಮದುವೆ ನೋಂದಣಿಯ ಸಹಿ ಆಯಿತು, ಹೂವಿನ ಹಾರ ಆಯಿತು. ಟೀಚರ ಹಳೇ ಶಿಷ್ಯರೆಲ್ಲ ಹಾಡಲು ನಿಂತರು. ಅಕ್ಕ ಕಣ್ಣಲ್ಲೇ ಸನ್ನೆ ಮಾಡಿದಳು. ಲೆನ್ಸಣ್ಣ ರಿಫ್ಲೆಕ್ಟರನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕ್ಯಾಮೆರಾವನ್ನು ಮೆಲ್ಲಗೆ ಮುಂದಕ್ಕೆ ಉರುಳಿಸಿದ. ಆಗ ಒಂದು ಚಕ್ರ 'ಕೀಂ' ಎಂದು ಕಿರುಗುಟ್ಟಿತು. ಹಾಡುವವರು ಸರಿಯಾಗಿ ದನಿ ತಗ್ಗಿಸಿದ ಜಾಗವೇ ಅದು. ನಿಲ್ಲಿಸಿದ. ಮತ್ತೆ ಉರುಳಿಸಿದ. ಮತ್ತೆ 'ಕೀಂ'. ಹುಡುಗಿಯೊಬ್ಬಳು ನಗು ತಡೆಯಲಾರದೆ ಶ್ರುತಿ ತಪ್ಪಿದಳು. ಲೆನ್ಸಣ್ಣನ ಕಿವಿ ಕೆಂಪಾಯಿತು. ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು.

ಮದುಮಗ ಕುರ್ಚಿಯಿಂದ ಎದ್ದರು. ಹೊಸ ಕೋಟು, ಗರಿಗರಿ ಪ್ಯಾಂಟು ಯಾವುದನ್ನೂ ಲೆಕ್ಕಿಸದೆ ಬಂದು ಮೊಣಕಾಲೂರಿ ಕೂತು, ಕಿವಿಯನ್ನು ಚಕ್ರಕ್ಕೆ ಹಚ್ಚಿದರು. "ಒಂಚೂರು ಉರುಳಿಸಪ್ಪ," ಅಂದರು. ಅವನು ಉರುಳಿಸಿದ. "ಒಣಗಿದೆ ಪಾಪ," ಎಂದು ಕೋಟಿನ ಒಳಜೇಬಿಗೆ ಕೈ ಹಾಕಿ, ಕಿರುಬೆರಳಷ್ಟು ಚಿಕ್ಕ ಎಣ್ಣೆ ಸೀಸೆಯೊಂದನ್ನು ಹೊರತೆಗೆದರು.

ಹಾಡು ನಿಂತೇಹೋಯಿತು. ಟೀಚರು ಬಾಯಿಗೆ ಕೈ ಅಡ್ಡ ಹಿಡಿದು, "ಅಯ್ಯೋ ದೇವರೇ! ಮದುವೆಗೂ ಅದನ್ನ ತಂದಿದ್ದೀರಾ?" ಅಂದರು.

"ಯಾವಾಗ ಏನು ಬೇಕಾಗುತ್ತೋ ಯಾರಿಗೆ ಗೊತ್ತು?" ಮದುಮಗ ತಲೆ ಎತ್ತದೆ ಹೇಳಿದರು. "ಬೇಕಾಯ್ತು ನೋಡು."

ಟೀಚರ ಕೈ ಬಾಯಿಂದ ಜಾರಿತು. ಅವರು ನಕ್ಕರು. ಹೊಟ್ಟೆಯಿಂದ ಬಂದ, ಕಟ್ಟೆಯೊಡೆದ ನಗು. ಕನ್ನಡಕ ಮೂಗಿನ ಮೇಲೆ ಜಾರಿ, ಕಣ್ಣಂಚು ಒದ್ದೆಯಾಗಿ, ನೆಲದ ಮೇಲೆ ಕೂತ ಆ ಮನುಷ್ಯನನ್ನು ನೋಡುತ್ತ ನಗುತ್ತಲೇ ಇದ್ದರು. ಲೆನ್ಸಣ್ಣ ಯೋಚಿಸಲೇ ಇಲ್ಲ. ಕಂಕುಳಿನ ರಿಫ್ಲೆಕ್ಟರು ಹೊರಬಂದು ಅವರ ಮುಖಕ್ಕೆ ತಿರುಗಿತ್ತು, ತುಸು ಎತ್ತರಕ್ಕೆ, ತುಸು ಓರೆಯಾಗಿ. ಅಕ್ಕನ ಹೆಬ್ಬೆರಳು ಗುಂಡಿ ಒತ್ತಿತು.

ಆ ಫೋಟೋ ಕಸುಬಿನವರ ಲೆಕ್ಕಕ್ಕೆ ತಪ್ಪುಗಳ ಗಂಟು. ಮದುಮಗನ ಬೋಳುತಲೆ ಕೆಳಗಿನ ಮೂಲೆಯಲ್ಲಿ, ಪಕ್ಕದಲ್ಲಿ ಟ್ರೈಪಾಡಿನ ಒಂದು ಕಾಲು, ಅಂಚಿನಲ್ಲಿ ಲೆನ್ಸಣ್ಣನ ಮೊಣಕೈ. ಆದರೆ ನಟ್ಟನಡುವೆ ಟೀಚರು, ಪೂರ್ತಿ ಮುಖ, ಪೂರ್ತಿ ನಗು. ಅಕ್ಕನ ಸ್ಟುಡಿಯೋಕ್ಕೆ ಅದನ್ನು ನೋಡಲು ಬಂದ ದಿನ ಟೀಚರು ಕನ್ನಡಕ ಒರೆಸಿಕೊಂಡು ಮತ್ತೆ ಮತ್ತೆ ನೋಡಿದರು. ಕೊನೆಗೆ, "ನಾನು ಹೀಗಿರ್ತೀನಾ?" ಅಂದರು. ಪಕ್ಕದಲ್ಲಿದ್ದ ಗಡಿಯಾರದವರು, "ದಿನಾ ಹೀಗೇ," ಅಂದರು. ಮೊಣಕೈ ಕತ್ತರಿಸಿ ಕೊಡಲೇ ಎಂದು ಅಕ್ಕ ಕೇಳಿದ್ದಕ್ಕೆ ಇಬ್ಬರೂ ಒಟ್ಟಿಗೇ ಬೇಡ ಎಂದರು.

ಅಕ್ಕನ ಪ್ಲಾಸ್ಟರು ಇರುವವರೆಗೂ ಲೆನ್ಸಣ್ಣ ರಜಾ ದಿನಗಳಲ್ಲಿ ಅವಳ ಹಿಂದೆ ಉರುಳಿಸುತ್ತ, ಎತ್ತುತ್ತ, ಓರೆ ಮಾಡುತ್ತ ಓಡಾಡಿದ. ಜಗಳವೂ ಆಯಿತು. "ಎಡಕ್ಕೆ ಅಂದ್ರೆ ನನ್ನ ಎಡ ಕಣೋ," ಎಂದು ಅವಳು ರೇಗುವಳು. "ನಿನ್ನ ಎಡ ದಿನಕ್ಕೊಂದು ಕಡೆ ಇರುತ್ತೆ," ಎಂದು ಇವನು ಗೊಣಗುವನು. ಪ್ಲಾಸ್ಟರು ಬಿಚ್ಚಿದ ಮೇಲೆ ತನ್ನ ಪಾತ್ರ ಮುಗಿಯಿತೆಂದು ಅವನು ಸಾಮಾನನ್ನೆಲ್ಲ ಒರೆಸಿ ಮನೆಗೆ ತಂದಿಟ್ಟ. ಹೆಂಡತಿ ಸದ್ದಿಲ್ಲದೆ ಕ್ಲಿಪ್ಪುಗಳತ್ತ ಕೈ ಚಾಚುವಷ್ಟರಲ್ಲಿ ಫೋನು ಬಂತು.

"ಎಲ್ಲಿ ಹಾಳಾಗಿ ಹೋಗಿದ್ದೀಯೋ? ನಾನಿಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದೀನಿ, ಬೆಳಕು ಯಾರು ಹಿಡೀತಾರೆ?"

"ನಿನ್ನ ಕೈ ಸರಿಹೋಯ್ತಲ್ಲಕ್ಕಾ?"

"ಕೈ ಸರಿಹೋಯ್ತು, ಅಭ್ಯಾಸ ಕೆಟ್ಟುಹೋಯ್ತು. ಬಾ ಬೇಗ. ಚಡ್ಡಿ ಹಾಕ್ಕೊಂಡು ಬಾ."

ಅದು ಈಜುಕೊಳ. ಮೊಮ್ಮಕ್ಕಳನ್ನು ಕಂಡ ಮೇಲೆ ಈಜು ಕಲಿತ ಹೆಂಗಸರ ತಂಡವೊಂದು ಮೊದಲ ಸಲ ಸ್ಪರ್ಧೆಗೆ ಹೊರಟಿತ್ತು. ಅವರ ಫೋಟೋ ತೆಗೆಯಬೇಕಿತ್ತು. ಲೆನ್ಸಣ್ಣ ಆಳವಿಲ್ಲದ ಕಡೆಯಲ್ಲಿ ಸೊಂಟದವರೆಗೆ ನೀರಿಗಿಳಿದು, ರಿಫ್ಲೆಕ್ಟರು ಎತ್ತಿ ನಿಂತ. ನೀರಿನ ಮೇಲೆ ಕುಣಿಯುವ ಬೆಳಕು ಆ ಹೆಂಗಸರ ಮುಖಗಳ ಮೇಲೂ ಕುಣಿಯಿತು. ದಂಡೆಯಲ್ಲಿ ಅವನ ಚಪ್ಪಲಿ, ಒಣಬಟ್ಟೆ ಹಿಡಿದು ಹೆಂಡತಿ ಕೂತಿದ್ದಳು.

"ನೀವೂ ಫೋಟೋ ತೆಗೀತೀರಾ?" ನೀಲಿ ಟೋಪಿಯ ಅಜ್ಜಿಯೊಬ್ಬರು ಅವನನ್ನು ಕೇಳಿದರು.

"ಇಲ್ಲಮ್ಮ," ಅಂದ ಅವನು. ಹಾಗೆನ್ನುವಾಗ ಅವನಿಗೆ ಎಳ್ಳಷ್ಟೂ ಬೇಸರವಾಗಲಿಲ್ಲ. "ತೆಗೆಯೋದು ಅಕ್ಕ. ನಾನು ನಿಮ್ಮನ್ನೆಲ್ಲ ನೋಡೋಕೆ ಬಂದಿರೋದು."

ಅಜ್ಜಿ ನಕ್ಕು ಅವನಿಗೆ ಒಂದು ಬೊಗಸೆ ನೀರು ಎರಚಿದರು.

"ಇನ್ನೂ ಸ್ವಲ್ಪ ಎತ್ತೋ!" ಅಕ್ಕ ದಂಡೆಯಿಂದ ಕೂಗಿದಳು.

ಮುಖದ ನೀರು ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಅವನು ಹಾಗೆಯೇ ಕಣ್ಣು ಪಿಳುಕಿಸುತ್ತ ಎತ್ತಿ ಹಿಡಿದ.